ಸೇಬು, ಸೈಡರ್, ಹಂದಿ ಮಾಂಸ: ಕ್ರೀಮ್ ಯಾಕೆ ಒಡೆಯಿತು, ಸೇಬು ಯಾಕೆ ಕರಗಿತು?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು. ಓದಲು ಫ್ರಾನ್ಸಿನ ನಾರ್ಮಂಡಿ ಸೀಮೆಯ ರೂವಾಂ ನಗರಕ್ಕೆ ಬಂದಿದ್ದೇನೆ. ಇಲ್ಲಿ ಗೆಳತಿಯ ಮನೆಯಲ್ಲಿ ಸೇಬು, ಸೈಡರ್ (ಸೇಬಿನ ರಸ ಹುದುಗಿಸಿ ಮಾಡುವ ಮದ್ಯ) ಹಾಕಿ ಮಾಡಿದ ಹಂದಿ ಮಾಂಸ ತಿಂದೆ. ತುಂಬಾ ಇಷ್ಟವಾಯಿತು. ನಾನೇ ಮಾಡಲು ಹೋದರೆ ಪೂರ್ತಿ ಕೆಟ್ಟಿತು. ಫಿಲೆ ಮಿನ್ಯೋಂ ಅನ್ನುವ ಮೆತ್ತನೆ ತುಂಡು ತಂದು ಬೆಣ್ಣೆಯಲ್ಲಿ ಜೋರು ಉರಿಯಲ್ಲಿ ಹುರಿದೆ. ತಳ ಕಪ್ಪಾಯಿತು. ಆಮೇಲೆ ಒಂದು ಬಾಟಲಿ ಸಿಹಿ ಸೈಡರ್, 15 ಪರ್ಸೆಂಟ್ ಕೊಬ್ಬಿನ ಕ್ರೀಮ್, ಸೇಬು ಎಲ್ಲವನ್ನೂ ಒಟ್ಟಿಗೆ ಹಾಕಿ, ನಮ್ಮ ಕೊಡಗಿನ ಪಂದಿ ಕರಿ ಥರ ಒಂದೂವರೆ ಗಂಟೆ ಬೇಯಿಸಿದೆ. ಮಾಂಸ ಒಣಗಿ ನಾರಾಯಿತು. ಸೇಬು ಕರಗಿಹೋಯಿತು. ಗ್ರೇವಿ ಹಾಲು ಒಡೆದ ಹಾಗಾಯಿತು. ರುಚಿ ನೋಡಿದರೆ ಮೊದಲು ಅತಿ ಸಿಹಿ, ಕೊನೆಗೆ ಕಹಿ. ಎಲ್ಲಿ ತಪ್ಪಿತು? ರಜೆಗೆ ಊರಿಗೆ ಬಂದಾಗ ಅಪ್ಪ ಅಮ್ಮನಿಗೂ ಮಾಡಿ ಬಡಿಸಬೇಕು ಅಂತ ಆಸೆ. ಅಲ್ಲಿ ಸೈಡರ್ ಸಿಗದಿದ್ದರೆ ಏನು ಮಾಡಲಿ? ಪಂದಿ ಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಹಾಕಬಹುದಾ?

ಉತ್ತರ: ನೀವು ತಂದ ಮಾಂಸ ಒಂದು ಅಡುಗೆಯದು, ಬೇಯಿಸಿದ ರೀತಿ ಇನ್ನೊಂದು ಅಡುಗೆಯದು. ಮಾಂಸ ನಾರಾಗಿದ್ದಕ್ಕೆ ಇದೇ ಕಾರಣ. ಸೇಬು ಕರಗಿದ್ದು, ಕ್ರೀಮ್ ಒಡೆದದ್ದು ಎಲ್ಲವನ್ನೂ ಒಂದೇ ಸಲ ಪಾತ್ರೆಗೆ ಹಾಕಿದ್ದರಿಂದ. ಸಿಹಿ, ಕಹಿಯ ಕಾರಣ ಮುಂದೆ ಹೇಳುತ್ತೇನೆ. ಈ ಅಡುಗೆಯಲ್ಲಿ ಸಾಮಾನು ಕಡಿಮೆ, ಮಸಾಲೆ ಇನ್ನೂ ಕಡಿಮೆ. ಹಾಗಾಗಿ ಯಾವುದು ಯಾವಾಗ ಒಳಗೆ ಹೋಗಬೇಕು ಅನ್ನುವುದೇ ಎಲ್ಲ. ಸೈಡರ್ ಮೊದಲು, ಕ್ರೀಮ್ ಸೇಬು ಇಲ್ಲದೆ, ಕುದಿಯಬೇಕು. ಸೇಬು ಬೇರೆ ಬಾಣಲೆಯಲ್ಲಿ ಹುರಿಯಬೇಕು. ಕ್ರೀಮ್ ಕೊನೆಗೆ ಬರಬೇಕು. ಇಷ್ಟು ಮನಸ್ಸಲ್ಲಿಟ್ಟುಕೊಂಡರೆ ಅರ್ಧ ಗೆದ್ದ ಹಾಗೆ.

ಮಾಂಸದಿಂದಲೇ ಶುರು ಮಾಡೋಣ. ಫಿಲೆ ಮಿನ್ಯೋಂ ಅಂದರೆ ಹಂದಿಯ ಬೆನ್ನುಮೂಳೆಯ ಒಳಬದಿಯಲ್ಲಿ ಇರುವ ಉದ್ದನೆಯ ಮೆತ್ತನೆ ತುಂಡು. ಪ್ರಾಣಿ ನಡೆಯುವಾಗ, ಓಡುವಾಗ ಆ ಭಾಗಕ್ಕೆ ಹೆಚ್ಚು ಕೆಲಸ ಇರುವುದಿಲ್ಲ. ಅದಕ್ಕೇ ಅಷ್ಟು ಮೆತ್ತಗೆ. ಅದರಲ್ಲಿ ನೆಣವೂ ಕಡಿಮೆ, ನಾರು ಕಟ್ಟಿಹಿಡಿಯುವ ಅಂಟಿನ ಪದರವೂ ಕಡಿಮೆ. ಹೆಚ್ಚು ಹೊತ್ತು ಬೇಯಿಸಿದರೆ ಕರಗಿ ರಸ ಕೊಡಲು ಅದರಲ್ಲಿ ಏನೂ ಇಲ್ಲ. ಇದ್ದ ನೀರೆಲ್ಲ ಹೊರಗೆ ಹೋಗುತ್ತದೆ ಅಷ್ಟೆ. ಒಳಗಿನ ಬಿಸಿ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಇಳಿಸಿ, ಕನಿಷ್ಠ ಮೂರು ನಿಮಿಷ ಹಾಗೇ ಬಿಡಬೇಕು. ಅಮೆರಿಕದ ಕೃಷಿ ಇಲಾಖೆ 2011ರಿಂದ ಹಂದಿಯ ಇಡೀ ತುಂಡುಗಳಿಗೆ ಹೇಳುತ್ತಿರುವ ಲೆಕ್ಕ ಇದು. ಮಧ್ಯದಲ್ಲಿ ತಿಳಿ ಗುಲಾಬಿ ಬಣ್ಣ ಉಳಿದಿರುತ್ತದೆ. ಅದನ್ನು ಒಂದೂವರೆ ಗಂಟೆ ಕುದಿಸಿದರೆ ಹತ್ತಿ ಅಗಿದ ಹಾಗೆಯೇ ಆಗುವುದು.

ಪಂದಿ ಕರಿಗೆ ನಿಮ್ಮ ಮನೆಯಲ್ಲಿ ಯಾರೂ ಈ ತುಂಡು ಹಾಕುವುದಿಲ್ಲ, ಅಲ್ವಾ? ನೆಣ, ಚರ್ಮ ಇರುವ ಮಾಂಸವೇ ಬೇಕು. ನಾರ್ಮಂಡಿಯ ಮನೆಗಳಲ್ಲೂ ನಿಧಾನ ಬೇಯಿಸುವ ಅಡುಗೆಗೆ ಅದೇ ಲೆಕ್ಕ. ಮಾಂಸದಂಗಡಿಯಲ್ಲಿ ಎಷೀನ್ ಕೇಳಿ. ಅದು ಕುತ್ತಿಗೆಯಿಂದ ಬೆನ್ನಿಗೆ ಹೋಗುವ ಜಾಗ, ನೆಣ ಒಳಗೊಳಗೇ ಹರಡಿರುತ್ತದೆ. ಎಪೋಲ್ ಅಂದರೆ ಭುಜದ ಮಾಂಸ, ಅದೂ ಆಗುತ್ತದೆ. ಎರಡೂ ಫಿಲೆ ಮಿನ್ಯೋಂಗಿಂತ ಅಗ್ಗ. ಇವುಗಳಲ್ಲಿ ಅಂಟಿನ ಪದರ ಜಾಸ್ತಿ. ಸುಮಾರು 80 ಡಿಗ್ರಿ ದಾಟಿದ ಬಿಸಿಯಲ್ಲಿ ಒಂದೂವರೆ ಎರಡು ಗಂಟೆ ಇದ್ದರೆ ಅದು ಜೆಲ್ಲಿಯಾಗಿ ಕರಗಿ ಮಾಂಸವನ್ನೂ ಗ್ರೇವಿಯನ್ನೂ ನಯ ಮಾಡುತ್ತದೆ. ಗೆಳತಿಯ ಮನೆಯಲ್ಲಿ ಚಮಚಕ್ಕೆ ಅಂಟುವಂಥ ಗ್ರೇವಿ ಇತ್ತು, ಮಾಂಸ ಫೋರ್ಕ್ ತಾಕಿದರೆ ಬಿಡುತ್ತಿತ್ತು ಅಂತಾದರೆ ನೀವು ತಿಂದದ್ದು ಇದನ್ನೇ. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ ಮಾಂಸದ ಮೇಲೆ ಬಿಳಿ ಸಾಸ್ ಸುರಿದಿದ್ದರೆ ಅದು ಫಿಲೆ ಮಿನ್ಯೋಂ, ಅರ್ಧ ಗಂಟೆಯ ಅಡುಗೆ.

ಈಗ ಸೈಡರ್. ನೀವಿರುವ ಸೀಮೆಯಲ್ಲಿ ತಂಪು, ತೇವ ಜಾಸ್ತಿ. ದ್ರಾಕ್ಷಿ ಚೆನ್ನಾಗಿ ಹಣ್ಣಾಗುವುದು ಕಷ್ಟ. ಸೇಬಿಗೆ ಅದೇ ಹವೆ ಇಷ್ಟ. ಅದರಿಂದ ಫ್ರಾನ್ಸಿನ ಬೇರೆ ಕಡೆ ಅಡುಗೆಗೆ ವೈನ್ ಹೋಗುವ ಜಾಗದಲ್ಲಿ ನಾರ್ಮಂಡಿಯಲ್ಲಿ ಸೈಡರ್ ಹೋಗುತ್ತದೆ. ಸೇಬಿನ ಮರದ ಕೆಳಗೆ ಹುಲ್ಲು, ಹುಲ್ಲು ಮೇಯುವ ಹಸು, ಹಸುವಿನಿಂದ ಬೆಣ್ಣೆ, ಕ್ರೀಮ್, ಕಾಮಂಬೇರ್ ಚೀಸ್. ಈ ಅಡುಗೆಯ ಸಾಮಾನೆಲ್ಲ ಒಂದೇ ತೋಟದಿಂದ ಬಂದದ್ದು ಅಂದರೂ ತಪ್ಪಿಲ್ಲ. ಸೈಡರ್ ಭಟ್ಟಿ ಇಳಿಸಿ ಮಾಡಿದ ಬ್ರಾಂದಿಯೇ ಕಾಲ್ವಡೋಸ್. ನಾರ್ಮಂಡಿಯ ಶೆರ್ಬೂರ್ ಊರಿನ ಹತ್ತಿರದ ಜಮೀನುದಾರ ಜಿಲ್ ದ ಗೂಬರ್‌ವಿಲ್ 1553ರ ತನ್ನ ದಿನಚರಿಯಲ್ಲಿ ಸೈಡರ್ ಭಟ್ಟಿ ಇಳಿಸುವ ಮಾತು ಬರೆದಿಟ್ಟಿದ್ದಾನೆ. ಪೇ ದೋಜ್ ಎಂಬ ಭಾಗದ ಕಾಲ್ವಡೋಸ್‌ಗೆ 1942ರಲ್ಲಿ ಊರ ಹೆಸರಿನ ಕಾನೂನು ಮುದ್ರೆ ಸಿಕ್ಕಿತು, ಅಂದರೆ ಆ ಭಾಗದಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಅದನ್ನು ಎರಡು ಸಲ ಭಟ್ಟಿ ಇಳಿಸಿ ಕನಿಷ್ಠ ಎರಡು ವರ್ಷ ಓಕ್ ಪೀಪಾಯಿಯಲ್ಲಿ ಇಡಬೇಕು.

ಸೈಡರ್ ಬಾಟಲಿಯ ಮೇಲೆ ಸಾಮಾನ್ಯವಾಗಿ ಮೂರು ಮಾತುಗಳಲ್ಲಿ ಒಂದು ಇರುತ್ತದೆ: ಬ್ರ್ಯೂಟ್, ದೆಮಿ ಸೆಕ್, ದೂ. ಮೊದಲನೆಯದರಲ್ಲಿ ಸಿಹಿ ಕಡಿಮೆ, ಲೀಟರಿಗೆ 28 ಗ್ರಾಂ ಸಕ್ಕರೆ ಒಳಗೆ. ಕೊನೆಯದು ಸಿಹಿಯದು. ಅದರಲ್ಲಿ ಆಲ್ಕೋಹಾಲ್ 3 ಪರ್ಸೆಂಟ್ ಮೀರುವಂತಿಲ್ಲ, ಸಕ್ಕರೆ ಲೀಟರಿಗೆ 35 ಗ್ರಾಂಗಿಂತ ಮೇಲೆ. ಲೆಕ್ಕ ಹಾಕಿ ನೋಡಿ. 750 ಮಿಲಿ ಬಾಟಲಿ ಪೂರ್ತಿ ಹಾಕಿದ್ದೀರಿ, ಅಂದರೆ ಕನಿಷ್ಠ 26 ಗ್ರಾಂ ಸಕ್ಕರೆ. ನೀರು ಆರಿಹೋಯಿತು, ಸಕ್ಕರೆ ಎಲ್ಲಿಗೆ ಹೋಗಬೇಕು? ಪಾತ್ರೆಯಲ್ಲೇ ಉಳಿಯಿತು. ಮೇಲೆ ಕರಗಿದ ಸೇಬಿನ ಸಿಹಿ ಬೇರೆ. ಅಡುಗೆಗೆ ಯಾವಾಗಲೂ ಬ್ರ್ಯೂಟ್ ತನ್ನಿ. ಅರ್ಧ ಲೀಟರ್ ಸಾಕು, ಉಳಿದದ್ದು ಊಟದ ಜೊತೆ ಕುಡಿಯಲಿಕ್ಕೆ.

ಕಹಿಗೆ ಮುಖ್ಯ ಕಾರಣ ನೀವೇ ಬರೆದಿದ್ದೀರಿ. ತಳ ಕಪ್ಪಾಗಿತ್ತು. ಬೆಣ್ಣೆಯಲ್ಲಿ ಹಾಲಿನ ಅಂಶ ಇರುತ್ತದೆ, ಜೋರು ಉರಿಗೆ ಅದು ಬೇಗ ಸೀಯುತ್ತದೆ. ಸೀದ ತಳದ ಮೇಲೆ ಸೈಡರ್ ಹುಯ್ದು ಕೆರೆದರೆ ಕಹಿಯೆಲ್ಲ ಗ್ರೇವಿಗೆ ಬಂತು. ಮಾಂಸವನ್ನು ಎಣ್ಣೆಯಲ್ಲಿ ಹುರಿಯಿರಿ, ಬೆಣ್ಣೆ ಆಮೇಲೆ ಈರುಳ್ಳಿ ಜೊತೆ ಹಾಕಿ. ತಳದಲ್ಲಿ ಹಿಡಿದದ್ದು ಜೇನು ಬಣ್ಣದಿಂದ ಕಂದು ಬಣ್ಣದವರೆಗೆ ಇದ್ದರೆ ಅದೇ ರುಚಿ. ಕಪ್ಪಾದರೆ ಸಂಕೋಚ ಬೇಡ, ಮಾಂಸ ತೆಗೆದಿಟ್ಟು ಪಾತ್ರೆ ತೊಳೆದು ಮುಂದುವರಿಸಿ.

ಇನ್ನೊಂದು ಕಾರಣವೂ ಸೇರಿರಬಹುದು. ಸೈಡರ್‌ಗೆ ಬಳಸುವ ಸೇಬು ನಾವು ತಿನ್ನುವ ಸೇಬಲ್ಲ. ಬಿಸ್ಕೆ, ಬೆದಾಂ ಅಂತ ಹತ್ತಾರು ಜಾತಿಗಳಿವೆ. ಚಿಕ್ಕ ಹಣ್ಣು, ಬಾಯಿಗಿಟ್ಟರೆ ನಾಲಿಗೆ ಒಗರು ಹಿಡಿಯುತ್ತದೆ. ಕಹಿ, ಸಿಹಿ, ಹುಳಿ ಜಾತಿಗಳನ್ನು ಬೆರೆಸಿ ಅರೆಯುತ್ತಾರೆ. ಆ ಒಗರೇ ಒಳ್ಳೆ ಸೈಡರ್‌ನ ಮೈ. ಆದರೆ ಪಾಕದ ಹಾಗೆ ಆಗುವವರೆಗೆ ಬತ್ತಿಸಿದರೆ ಒಗರೂ ಗಟ್ಟಿಯಾಗಿ ನಾಲಿಗೆಯ ಹಿಂದೆ ಕಹಿ ಉಳಿಯುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿದರೆ ನಿಲ್ಲಿಸಿ. ಅದಕ್ಕಿಂತ ಕೆಳಗೆ ಹೋಗುವುದು ಬೇಡ.

ಕ್ರೀಮ್ ಒಡೆದದ್ದು ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಬೇರೆ ಅಡುಗೆಗಳಿಗೂ ಆಗಿಬರುತ್ತದೆ. ಹಾಲಿಗೆ ನಿಂಬೆರಸ ಹಿಂಡಿ ಕಾಯಿಸಿದರೆ ಒಡೆಯುತ್ತದೆ. ಹುಳಿ ಮತ್ತು ಬಿಸಿ ಎರಡೂ ಸೇರಿದಾಗ ಹಾಲಿನ ಪ್ರೋಟೀನ್ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಕ್ರೀಮ್‌ನಲ್ಲಿ ಕೊಬ್ಬು ಜಾಸ್ತಿ ಇದ್ದಷ್ಟೂ ಪ್ರೋಟೀನ್‌ನ ಪಾಲು ಕಡಿಮೆ. ಇದ್ದ ಪ್ರೋಟೀನ್‌ನಲ್ಲೂ ಒಂದಿಷ್ಟು ಕೊಬ್ಬಿನ ಹನಿಗಳ ಮೈಗೆ ಅಂಟಿಕೊಂಡಿರುತ್ತದೆ. ಗಂಟು ಕಟ್ಟಲು ಸಾಕಷ್ಟು ಉಳಿಯುವುದೇ ಇಲ್ಲ. ಹಾಗಾಗಿ 30 ಪರ್ಸೆಂಟ್ ಮೇಲಿನ ಕ್ರೀಮ್ ಸೈಡರ್ ಜೊತೆ ಕುದಿದರೂ ಜಗ್ಗುವುದಿಲ್ಲ. ನೀವು ಹಾಕಿದ 15 ಪರ್ಸೆಂಟಿನದು ಲೆಜೇರ್ ಅಂತ ಮಾರುವ ಹಗುರ ಕ್ರೀಮ್. ಹುಳಿಯಲ್ಲಿ ಒಂದೂವರೆ ಗಂಟೆ ಕುದಿಸಿದರೆ ಅದು ಒಡೆಯಲೇಬೇಕು. ಫ್ರಾನ್ಸಿನಲ್ಲಿ ಸುಮ್ನೆ ಕ್ರೆಮ್ ಅಂತ ಬರೆದಿದ್ದರೆ ಕಾನೂನಿನ ಪ್ರಕಾರ ಕೊಬ್ಬು ಕನಿಷ್ಠ 30 ಪರ್ಸೆಂಟ್ ಇರಬೇಕು. ಇಸೀನಿ ಊರಿನ ಕ್ರೀಮ್‌ನಲ್ಲಿ ಕನಿಷ್ಠ 35. ಅದು ನಾರ್ಮಂಡಿಯದೇ, 1986ರಿಂದ ಅದಕ್ಕೂ ಊರ ಹೆಸರಿನ ಮುದ್ರೆ ಇದೆ. ಗಟ್ಟಿ, ಚೂರು ಹುಳಿ, ಬೀಜಗಳ ಥರದ ಘಮ. ರೂವಾಂನಲ್ಲಿ ಇದ್ದುಕೊಂಡು ಬೇರೆ ಯಾವುದೂ ಹುಡುಕಬೇಡಿ.

ಸೇಬಿನ ಕಥೆ ಇಷ್ಟು. ಸೇಬು ನೀರಲ್ಲಿ ತೇಲುವುದನ್ನು ನೋಡಿದ್ದೀರಲ್ಲ, ಅದರ ಗಾತ್ರದ ಸುಮಾರು ಕಾಲು ಭಾಗ ಗಾಳಿಯೇ. ಕುದಿಯುವ ಸಾರಲ್ಲಿ ಬಿಟ್ಟರೆ ಗಾಳಿ ಹೊರಟು ನೀರು ತುಂಬಿ ಕುಸಿಯುತ್ತದೆ. ಬಿಸಿ ಬೆಣ್ಣೆಯಲ್ಲಿ ಹರವಿ ಹುರಿದರೆ ಹೊರಗೆ ಬಂಗಾರದ ಬಣ್ಣ ಹತ್ತುತ್ತದೆ, ಒಳಗೆ ಮೆತ್ತಗಾಗುತ್ತದೆ, ಆಕಾರ ಉಳಿಯುತ್ತದೆ. ರೆನ್ ದೆ ರೆನೆತ್ ಜಾತಿ ನನಗೆ ಎಲ್ಲಕ್ಕಿಂತ ಇಷ್ಟ, ಹುಳಿ ಸಿಹಿ ಎರಡೂ ಸಮ ಇದೆ. ಅದು ಸಿಗದ ತಿಂಗಳಲ್ಲಿ ಗೋಲ್ಡನ್ ತನ್ನಿ. ಕೆನಡಾ ಗ್ರೀಸ್ ಅಂತ ಒರಟು ಸಿಪ್ಪೆಯ ಜಾತಿ ಇದೆ. ಅದು ಬೇಗ ಕರಗುತ್ತದೆ, ಆದರೆ ರುಚಿ ದೊಡ್ಡದು. ಅದರ ಒಂದೇ ಒಂದು ಹಣ್ಣನ್ನು ಬೇಕೆಂದೇ ಮಾಂಸದ ಜೊತೆ ಕರಗಲು ಬಿಡಿ, ಗ್ರೇವಿ ತಾನಾಗಿ ಗಟ್ಟಿಯಾಗುತ್ತದೆ.

ಇನ್ನು ಒಲೆ ಹಚ್ಚಿ. ನಾಲ್ಕು ಜನಕ್ಕೆ 800 ಗ್ರಾಂನಿಂದ ಒಂದು ಕಿಲೋ ಎಷೀನ್. ದೊಡ್ಡ ತುಂಡು ಮಾಡಿ, ನಾಲ್ಕೈದು ಸೆಂಟಿಮೀಟರ್ ಇರಲಿ. ಸಣ್ಣ ತುಂಡು ಹಾಕಿದರೆ ಹೊರಗೆ ಬಣ್ಣ ಹತ್ತುವಷ್ಟರಲ್ಲಿ ಒಳಗೆ ಒಣಗಿರುತ್ತದೆ. ಎರಡು ಟೀ ಚಮಚ ಮಟ್ಟ ಉಪ್ಪು ಸವರಿ ಒಂದು ಗಂಟೆ ಬಿಡಿ. ಬೇಯಿಸುವ ಮುಂಚೆ ಬಟ್ಟೆಯಲ್ಲೋ ಪೇಪರಿನಲ್ಲೋ ತೇವ ಒರೆಸಿ. ಒದ್ದೆ ಮಾಂಸಕ್ಕೆ ಬಣ್ಣ ಹತ್ತುವುದಿಲ್ಲ, ಬೇಯುತ್ತದೆ ಅಷ್ಟೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ತುಂಡುಗಳ ನಡುವೆ ಜಾಗ ಬಿಟ್ಟು, ಎರಡು ಮೂರು ಸರದಿಯಲ್ಲಿ ಹುರಿಯಿರಿ. ಹಾಕಿದ ಕೂಡಲೇ ಕೈಯಾಡಿಸಬೇಡಿ. ಬಣ್ಣ ಹತ್ತಿದ ತುಂಡು ತಾನೇ ತಳ ಬಿಡುತ್ತದೆ.

ಮಾಂಸ ತಟ್ಟೆಗೆ ತೆಗೆದಿಡಿ. ಉರಿ ಸಣ್ಣ ಮಾಡಿ ಒಂದು ದೊಡ್ಡ ಚಮಚ ಬೆಣ್ಣೆ, ಹೆಚ್ಚಿದ ಎಷಾಲೋತ್ ಒಂದು ಹಿಡಿ ಹಾಕಿ. ನಮ್ಮ ಸಾಂಬಾರ್ ಈರುಳ್ಳಿಯ ಹತ್ತಿರದ ನೆಂಟ ಅದು, ಊರಲ್ಲಿ ಸಾಂಬಾರ್ ಈರುಳ್ಳಿಯೇ ಹಾಕಿ. ಮೆತ್ತಗಾದ ಮೇಲೆ ಮಾಂಸ ವಾಪಸ್ ಹಾಕಿ ಮೂರು ದೊಡ್ಡ ಚಮಚ ಕಾಲ್ವಡೋಸ್ ಹುಯ್ಯಿರಿ. ಬಾಟಲಿಯಿಂದ ನೇರ ಹುಯ್ಯಬೇಡಿ, ಬಟ್ಟಲಿಗೆ ಅಳೆದುಕೊಂಡು ಹಾಕಿ. ಬೆಂಕಿ ಹತ್ತಿಸುವ ಆಸೆ ಇದ್ದರೆ ಮೇಲಿನ ಚಿಮ್ನಿ ಆಫ್ ಮಾಡಿ, ಕೂದಲು ಕಟ್ಟಿ, ಪಕ್ಕದಲ್ಲಿ ಮುಚ್ಚಳ ಇಟ್ಟುಕೊಂಡು ಮಾಡಿ. ಹತ್ತಿಸದಿದ್ದರೆ ನಷ್ಟವಿಲ್ಲ, ಒಂದು ನಿಮಿಷ ಕುದಿಸಿದರೆ ಸಾಕು. ಬೆಂಕಿ ಹತ್ತಿಸಿದರೆ ಆಲ್ಕೋಹಾಲ್ ಎಲ್ಲ ಹೋಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಮುಕ್ಕಾಲು ಪಾಲು ಉಳಿದೇ ಇರುತ್ತದೆ. ಒಂದು ಗಂಟೆ ಕುದಿದರೂ ಸುಮಾರು ಕಾಲು ಭಾಗ ಉಳಿಯುತ್ತದೆ. ಮನೆಯಲ್ಲಿ ಆಲ್ಕೋಹಾಲ್ ಮುಟ್ಟದವರು ಇದ್ದರೆ ಅವರಿಗೆ ಇದನ್ನು ಮೊದಲೇ ಹೇಳಿ.

ಈಗ ಅರ್ಧ ಲೀಟರ್ ಬ್ರ್ಯೂಟ್ ಸೈಡರ್. ಮುಚ್ಚಳ ಹಾಕದೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಹಸಿ ವಾಸನೆ ಹೋಗಿ ಬೇಯುತ್ತಿರುವ ಸೇಬಿನ ಘಮ ಬರುತ್ತದೆ. ತಳದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಬೆರೆಸಿ. ಎರಡು ಕಡ್ಡಿ ಥೈಮ್ ಸೊಪ್ಪು, ಒಂದು ಲೊರಿಯೆ ಎಲೆ (ಬೇ ಲೀಫ್), ಒಂದಿಷ್ಟು ಕಾಳುಮೆಣಸಿನ ಪುಡಿ. ಮಾಂಸ ಅರ್ಧ ಮುಳುಗುವಷ್ಟು ರಸ ಇರಬೇಕು, ಸಾಲದಿದ್ದರೆ ಬಿಸಿನೀರು ಸೇರಿಸಿ. ಸ್ಟಾಕ್ ಕ್ಯೂಬ್ ಬೇಡ. ಕೊನೆಗೆ ರಸ ಬತ್ತಿಸುವಾಗ ಉಪ್ಪು ಮಿತಿ ಮೀರುತ್ತದೆ. ಮುಚ್ಚಳ ಮುಚ್ಚಿ, ಒಂದೆರಡು ಗುಳ್ಳೆ ಮಾತ್ರ ಏಳುವಷ್ಟು ಸಣ್ಣ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ. ಗಡಿಯಾರ ನಂಬುವುದಕ್ಕಿಂತ ಚಾಕುವಿನ ತುದಿ ನಂಬಿ. ತಡೆಯಿಲ್ಲದೆ ಒಳಗೆ ಹೋದರೆ ಆಯಿತು.

ಮಾಂಸ ಬೇಯುತ್ತಿರುವಾಗ ಮೂರು ಸೇಬು ಸಿಪ್ಪೆ ತೆಗೆದು ಎಂಟೆಂಟು ಹೋಳು ಮಾಡಿ. ಅಗಲ ಬಾಣಲೆಯಲ್ಲಿ ಒಂದೂವರೆ ದೊಡ್ಡ ಚಮಚ ಬೆಣ್ಣೆ ಕರಗಿ ನೊರೆ ಇಳಿದ ಮೇಲೆ ಹೋಳುಗಳನ್ನು ಒಂದೇ ಪದರವಾಗಿ ಹರವಿ. ಮಧ್ಯಮ ಉರಿ, ಒಂದು ಚಿಟಿಕೆ ಉಪ್ಪು. ಒಂದೊಂದು ಬದಿ ಮೂರು ನಾಲ್ಕು ನಿಮಿಷ, ಒಮ್ಮೆ ಮಾತ್ರ ಮಗುಚಿ. ಸಕ್ಕರೆ ಹಾಕುವವರಿದ್ದಾರೆ, ನನಗೆ ಅದು ಬೇಡ ಅನಿಸುತ್ತದೆ. ದಾಲ್ಚಿನ್ನಿಯಂತೂ ಬೇಡವೇ ಬೇಡ. ಅದು ಬಂದರೆ ಊಟ ಹೋಗಿ ಸಿಹಿತಿಂಡಿಯ ವಾಸನೆ ಬರುತ್ತದೆ.

ಮಾಂಸ ಬೆಂದ ಮೇಲೆ ಬೇರೆ ಪಾತ್ರೆಗೆ ತೆಗೆದು ಮುಚ್ಚಿಡಿ. ರಸದ ಮೇಲೆ ತೇಲುವ ನೆಣವನ್ನು ಚಮಚದಿಂದ ತೆಗೆದುಬಿಡಿ. ಇದನ್ನು ಬಿಡಬೇಡಿ, ಮುಂದೆ ಬರುವ ಕ್ರೀಮ್‌ಗೇ ಸಾಕಷ್ಟು ಕೊಬ್ಬಿದೆ. ಜೋರು ಉರಿಯಲ್ಲಿ ರಸ ಒಂದು ಲೋಟದಷ್ಟಕ್ಕೆ ಬತ್ತಲಿ. ರುಚಿ ನೋಡಿ. ಹುಳಿ ಸ್ವಲ್ಪ ಮುಂದೆ ನಿಂತಿರಬೇಕು, ಕ್ರೀಮ್ ಬಂದ ಮೇಲೆ ಅದು ತಗ್ಗುತ್ತದೆ. ಈಗ 200 ಮಿಲಿ ಗಟ್ಟಿ ಕ್ರೀಮ್ ಹಾಕಿ ಕಲಕಿ, ನಾಲ್ಕೈದು ನಿಮಿಷ ಕುದಿಸಿ. ಚಮಚದ ಹಿಂಬದಿಗೆ ಹಿಡಿದು, ಬೆರಳಲ್ಲಿ ಗೆರೆ ಎಳೆದರೆ ಗೆರೆ ಉಳಿಯಬೇಕು. ಒಂದು ಟೀ ಚಮಚ ಡಿಜಾನ್ ಸಾಸಿವೆ ಹಾಕಿದರೆ ಚೆನ್ನ, ಆದರೆ ಕಡ್ಡಾಯ ಇಲ್ಲ. ಮಾಂಸ ವಾಪಸ್ ಹಾಕಿ, ಮೇಲೆ ಸೇಬು ಇಟ್ಟು, ಕಲಕದೆ ಬಡಿಸಿ. ನಾರ್ಮಂಡಿಯಲ್ಲಿ ಇದರ ಜೊತೆ ಬೇಯಿಸಿದ ಆಲೂಗಡ್ಡೆ. ಊರಲ್ಲಿ ಮಾಡುವಾಗ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಇಟ್ಟುಕೊಳ್ಳಿ, ಈ ಗ್ರೇವಿಗೆ ಚೆನ್ನಾಗಿ ಹೊಂದುತ್ತದೆ.

ಫಿಲೆ ಮಿನ್ಯೋಂನಲ್ಲೇ ಮಾಡಬೇಕಿದ್ದರೆ ಸೈಡರ್ ಅನ್ನು ಬೇರೆ ಪಾತ್ರೆಯಲ್ಲಿ ಮೊದಲೇ ಬತ್ತಿಸಿಡಿ. ಮಾಂಸಕ್ಕೆ ಎಲ್ಲ ಬದಿ ಬಣ್ಣ ಹತ್ತಿಸಿ, ಇಡೀ ತುಂಡನ್ನು ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷದ ಆಸುಪಾಸು ಬೇಯಿಸಿ ಥರ್ಮಾಮೀಟರ್ ಚುಚ್ಚಿ ನೋಡಿ. ಆಮೇಲೆ ಕತ್ತರಿಸಿ, ಅದೇ ಬಾಣಲೆಯಲ್ಲಿ ಬತ್ತಿದ ಸೈಡರ್, ಕ್ರೀಮ್ ಸೇರಿಸಿ ಸಾಸ್ ಮಾಡಿ.

ಊರಿನ ವಿಷಯಕ್ಕೆ ಬರೋಣ. ಅಲ್ಲಿ ಗುಲಾಬಿ ಬಣ್ಣದ ಮಾತು ಮರೆತುಬಿಡಿ. ಬಯಲಲ್ಲಿ ಮೇಯುವ ಹಂದಿಯ ಮಾಂಸದಲ್ಲಿ ಲಾಡಿಹುಳದ ಗೂಡು ಇರುವ ಅಪಾಯ ನಮ್ಮ ದೇಶದಲ್ಲಿ ಇದೆ. ಮಾಂಸ ಎಲ್ಲಿಂದ ಬಂತು ಅಂತ ಗೊತ್ತಿರುವ ಅಂಗಡಿಯಿಂದ ತನ್ನಿ, ಭುಜದ ಮಾಂಸವೇ ಕೇಳಿ, ಪೂರ್ತಿ ಬೇಯಿಸಿ. ಈ ನಿಧಾನದ ಅಡುಗೆಯಲ್ಲಿ ಒಳಗಿನ ಬಿಸಿ ಹೇಗೂ 80 ದಾಟುತ್ತದೆ, ಹಾಗಾಗಿ ಚಿಂತೆ ಇಲ್ಲ. ಕುಕ್ಕರ್ ಬಳಸಬಹುದು. ಸೈಡರ್ ಹಾಕಿ ಹತ್ತು ನಿಮಿಷ ಮುಚ್ಚಳವಿಲ್ಲದೆ ಕುದಿಸಿದ ಮೇಲೆಯೇ ಮುಚ್ಚಿ. ಮೊದಲ ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ. ಕ್ರೀಮ್, ಸೇಬು ಕುಕ್ಕರ್ ತೆಗೆದ ಮೇಲೆ.

ಬೆಂಗಳೂರಿನ ದೊಡ್ಡ ಮದ್ಯದಂಗಡಿಗಳಲ್ಲಿ ಸೈಡರ್ ಕೆಲವೊಮ್ಮೆ ಸಿಗುತ್ತದೆ. ಡ್ರೈ ಅಂತ ಬರೆದಿರುವುದನ್ನು ಮಾತ್ರ ತನ್ನಿ, ಹಣ್ಣಿನ ಸುವಾಸನೆ ಸೇರಿಸಿದ್ದು ಬೇಡ. ಸಿಗದಿದ್ದರೆ ನನ್ನ ಮೊದಲ ಆಯ್ಕೆ ಸಿಹಿಯಿಲ್ಲದ ಬಿಳಿ ವೈನ್. ನಂದಿ ಬೆಟ್ಟದ ಸುತ್ತಮುತ್ತ ಮಾಡುವುದೇ ಸಾಕು. 300 ಮಿಲಿ ವೈನ್, 200 ಮಿಲಿ ನೀರು, ತುರಿದ ಒಂದು ಸೇಬು. ವೈನೂ ಬೇಡ ಅಂದರೆ ಸಕ್ಕರೆ ಸೇರಿಸದ ಸೇಬಿನ ರಸ ಅರ್ಧ, ನೀರು ಅರ್ಧ, ಕೊನೆಗೆ ಒಂದೆರಡು ಟೀ ಚಮಚ ಆಪಲ್ ಸೈಡರ್ ವಿನಿಗರ್. ಸೈಡರ್‌ನ ಆಳ ಇದರಲ್ಲಿ ಬರುವುದಿಲ್ಲ, ಆದರೂ ಊಟ ರುಚಿಯಾಗಿಯೇ ಇರುತ್ತದೆ. ಸೇಬಿಗೆ ಹಸಿರು ಗ್ರ್ಯಾನಿ ಸ್ಮಿತ್ ತನ್ನಿ. ಕೆಂಪು ಡೆಲಿಶಿಯಸ್ ತಿನ್ನಲು ಚೆನ್ನ, ಬಾಣಲೆಗೆ ಬಿದ್ದರೆ ಹಿಟ್ಟಾಗುತ್ತದೆ. ಅಂಗಡಿಯ ಟೆಟ್ರಾ ಪ್ಯಾಕ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಸಾಮಾನ್ಯವಾಗಿ 25 ಪರ್ಸೆಂಟ್. ಅದಕ್ಕೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಕದಡಿ, ಉರಿ ಸಣ್ಣ ಮಾಡಿ ಹಾಕಿ. ಎರಡು ನಿಮಿಷ ಮೆಲ್ಲಗೆ ಕುದಿದು ಗಟ್ಟಿಯಾದ ಕೂಡಲೇ ಇಳಿಸಿ, ಜೋರಾಗಿ ಕುದಿಸಬೇಡಿ.

ಕಾಚಂಪುಳಿ ಬೇಡ. ಹಂದಿಯ ನೆಣಕ್ಕೆ ಹುಳಿ ಬೇಕು ಅನ್ನುವ ನಿಮ್ಮ ಅಂದಾಜು ಸರಿಯಾಗಿದೆ. ಕೊಡಗಿನಲ್ಲೂ ನಾರ್ಮಂಡಿಯಲ್ಲೂ ಆ ತಿಳಿವಳಿಕೆ ಒಂದೇ. ಆದರೆ ಕಾಚಂಪುಳಿ ತುಂಬಾ ಗಟ್ಟಿ ಹುಳಿ, ಬಣ್ಣವೂ ಕಪ್ಪು. ಹುರಿದ ಮಸಾಲೆಯ ಎದುರು ಅದು ಸರಿಯಾಗಿ ನಿಲ್ಲುತ್ತದೆ. ಇಲ್ಲಿ ಬೆಣ್ಣೆ, ಕ್ರೀಮ್, ಸೇಬಿನ ಸೂಕ್ಷ್ಮ ರುಚಿ ಎಲ್ಲವನ್ನೂ ಅದು ನುಂಗಿಬಿಡುತ್ತದೆ, ಟೆಟ್ರಾ ಪ್ಯಾಕ್ ಕ್ರೀಮ್ ಆದರೆ ಒಡೆಯಲೂಬಹುದು.

ಉಳಿದರೆ ಮರುದಿನ ಇನ್ನೂ ರುಚಿ. ಸೇಬನ್ನು ಬೇರೆ ಡಬ್ಬಿಯಲ್ಲಿ ಇಡಿ. ಬಿಸಿ ಮಾಡುವಾಗ ಎರಡು ಚಮಚ ಸೈಡರ್ ಅಥವಾ ನೀರು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಗ್ರೇವಿಯಲ್ಲಿ ಎಣ್ಣೆ ಬೇರೆಯಾದ ಹಾಗೆ ಕಂಡರೆ ಇಳಿಸಿ, ಒಂದು ಚಮಚ ತಣ್ಣನೆ ಗಟ್ಟಿ ಕ್ರೀಮ್ ಹಾಕಿ ಜೋರಾಗಿ ಕಲಕಿ, ಸರಿಹೋಗುತ್ತದೆ.